ನೋಟ್‌ಬುಕ್‌ನ ಹಿಂದಿನ ರಟ್ಟು ಓದುವುದು ಹೇಗೆ? ಕಾಗದ, ಗೆರೆ, ಹೊಲಿಗೆ ಮತ್ತು ಬಳಕೆಯ ಲೆಕ್ಕ

ಶಾಲೆ ಶುರುವಾಗುವ ಹೊತ್ತಿಗೆ ಪುಸ್ತಕದಂಗಡಿ ಮುಂದೆ ನಿಂತವರ ಕೈಯಲ್ಲಿ ಒಂದು ಚೀಟಿ ಇರುತ್ತದೆ. ಎರಡು ಗೆರೆ ನಾಲ್ಕು, ನಾಲ್ಕು ಗೆರೆ ನಾಲ್ಕು, ಚೌಕ ಎರಡು, ಲಾಂಗ್ ಬುಕ್ ಒಂದು. ಅಂಗಡಿಯವರು ಕಟ್ಟು ಕಟ್ಟಿ ಕೊಡುತ್ತಾರೆ. ನಾವು ಎಣಿಸಿಕೊಂಡು ಮನೆಗೆ ಬರುತ್ತೇವೆ. ಯಾವ ಕಾಗದ, ಎಷ್ಟು ಅಗಲ, ಹೇಗೆ ಹೊಲಿದಿದ್ದಾರೆ ಎಂದು ಕೇಳುವವರು ಕಡಿಮೆ.

ಈಚೆಗೆ ಮಾತ್ರ ಜನ ಬೆಲೆ ನೋಡಲು ರಟ್ಟು ತಿರುಗಿಸುತ್ತಿದ್ದಾರೆ. ಕಾರಣ, 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್‌ಗೆ ಜಿಎಸ್‌ಟಿ ಇಲ್ಲ. ಹಾಗಿದ್ದರೂ ಒಂದೇ ಪುಟಸಂಖ್ಯೆಯ ಎರಡು ಪುಸ್ತಕಗಳ ಬೆಲೆ ಬೇರೆಬೇರೆ ಯಾಕೆ? ಒಂದರಲ್ಲಿ ಶಾಯಿ ಆಚೆ ಬದಿಗೆ ಇಳಿಯುತ್ತದೆ, ಇನ್ನೊಂದರಲ್ಲಿ ಇಲ್ಲ, ಯಾಕೆ? ಇದಕ್ಕೆಲ್ಲ ಉತ್ತರದ ಬಹುಪಾಲು ಆ ರಟ್ಟಿನ ಮೇಲೆಯೇ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದನ್ನು ಓದಲು ಬೇಕಾದ ಹಿನ್ನೆಲೆ ಇಲ್ಲಿದೆ.

## ತೆರಿಗೆ ಹೋಯಿತು, ಬೆಲೆ ಎಷ್ಟು ಇಳಿಯಬೇಕು?

ಮೊದಲು ನೋಟ್‌ಬುಕ್, ಗ್ರಾಫ್ ಪುಸ್ತಕ, ಲ್ಯಾಬ್ ಪುಸ್ತಕಗಳಿಗೆ ಶೇ 12 ಜಿಎಸ್‌ಟಿ ಇತ್ತು. ಈಗ ಅದು ಸೊನ್ನೆ. ಪೆನ್ಸಿಲ್, ಶಾರ್ಪನರ್, ಕ್ರೇಯಾನ್, ರಬ್ಬರ್, ಭೂಪಟಗಳಿಗೂ ತೆರಿಗೆ ತೆಗೆದಿದ್ದಾರೆ.

ತೆರಿಗೆ ಬಿಟ್ಟು 50 ರೂಪಾಯಿ ಇದ್ದ ಪುಸ್ತಕಕ್ಕೆ ಮೊದಲು 6 ರೂಪಾಯಿ ಸೇರಿ 56 ಆಗುತ್ತಿತ್ತು. ಹಾಗಾದರೆ ಈಗ 50 ಆಗಬೇಕು, ಅಲ್ವಾ? ಲೆಕ್ಕ ಅಷ್ಟು ನೇರವಾಗಿಲ್ಲ. ಪುಸ್ತಕ ಮಾಡುವವರು ಶಾಯಿ, ಗೋಂದು, ಪಿನ್ನಿನ ತಂತಿ ಕೊಳ್ಳುವಾಗ ಅವುಗಳ ಮೇಲೆ ತೆರಿಗೆ ಕೊಡುತ್ತಾರೆ. ತಮ್ಮ ಮಾಲಿಗೂ ತೆರಿಗೆ ಇದ್ದಾಗ, ಮೊದಲೇ ಕೊಟ್ಟಿದ್ದನ್ನು ಕಳೆದು ಉಳಿದದ್ದನ್ನು ಸರ್ಕಾರಕ್ಕೆ ಕಟ್ಟಬಹುದಿತ್ತು. ಮಾಲಿಗೆ ತೆರಿಗೆಯೇ ಇಲ್ಲ ಎಂದ ಮೇಲೆ ಕಳೆಯಲು ಜಾಗವೇ ಇಲ್ಲ. ಆ ದುಡ್ಡು ತಯಾರಿಕೆಯ ಖರ್ಚಿಗೆ ಸೇರುತ್ತದೆ. ಹಾಗಾಗಿ ಶೇ 12ರ ಪೂರ್ತಿ ಲಾಭ ಕೊಳ್ಳುವವರಿಗೆ ಸಿಗದೆ ಇರಬಹುದು.

ನೋಟ್‌ಬುಕ್‌ನ ಖರ್ಚಿನಲ್ಲಿ ದೊಡ್ಡ ಪಾಲು ಕಾಗದದ್ದು. ಅದಕ್ಕೇ ನೋಟ್‌ಬುಕ್ ಮಾಡಲು ಬಳಸುವ ಕಾಗದದ ತೆರಿಗೆಯನ್ನೂ ಸೊನ್ನೆ ಮಾಡಿದ್ದಾರೆ. ಇನ್ನೊಂದು ವಿಷಯ ಗಮನಿಸಿ. ಡೈರಿ, ರಿಜಿಸ್ಟರ್, ಲೆಕ್ಕದ ಪುಸ್ತಕ, ರಸೀದಿ ಪುಸ್ತಕ ಇವೆಲ್ಲ ಬೇರೆ ಸಾಲಿಗೆ ಸೇರುತ್ತವೆ. ಅವಕ್ಕೆ ಶೇ 18 ಹಾಗೆಯೇ ಉಳಿದಿದೆ. ಮನೆಖರ್ಚು ಬರೆಯಲು ಡೈರಿಯೇ ಆಗಬೇಕು ಅಂತೇನಿಲ್ಲ ಅನ್ನುವವರಿಗೆ ಇದು ಉಪಯೋಗದ ಮಾಹಿತಿ.

## ಪುಟ ಎಣಿಸಿದರೆ ಸಾಲದು

ಒಂದು ಹಾಳೆಗೆ ಎರಡು ಬದಿ. ಪ್ರತಿ ಬದಿ ಒಂದು ಪುಟ. ಆದ್ದರಿಂದ 172 ಪುಟದ ಪುಸ್ತಕದಲ್ಲಿ ಇರುವುದು 86 ಹಾಳೆ. ನಮ್ಮ ಬಾಯಲ್ಲಿ ಇನ್ನೂ '100 ಪುಟದ್ದು, 200 ಪುಟದ್ದು' ಎಂಬ ಮಾತೇ ಇದೆ. ರಟ್ಟಿನ ಮೇಲೆ ನೋಡಿದರೆ 92, 172, 180 ಎಂದು ಇರುತ್ತದೆ. ಈ ಸಂಖ್ಯೆಗಳೆಲ್ಲ ನಾಲ್ಕರಿಂದ ಭಾಗವಾಗುತ್ತವೆ. ಯಾಕೆಂದರೆ ನಡುವೆ ಪಿನ್ ಹೊಡೆದ ಪುಸ್ತಕದಲ್ಲಿ ದೊಡ್ಡ ಹಾಳೆಯನ್ನು ಮಧ್ಯಕ್ಕೆ ಮಡಚಿರುತ್ತಾರೆ. ಒಂದು ಮಡಿಕೆಯಿಂದ ಎರಡು ಎಲೆ, ನಾಲ್ಕು ಪುಟ. ಅಂಥ ಪುಸ್ತಕಕ್ಕೆ ಒಂದೇ ಒಂದು ಪುಟ ಜಾಸ್ತಿ ಸೇರಿಸಲು ಬರುವುದಿಲ್ಲ.

ಪುಟದ ಜೊತೆಗೆ ಅಳತೆ ನೋಡಬೇಕು. ಶಾಲೆಯಲ್ಲಿ ಹೆಚ್ಚು ಓಡಾಡುವ ಎರಡು ಅಳತೆಗಳು: 19×15.5 ಸೆಂಟಿಮೀಟರಿನ ಚಿಕ್ಕದು, 24×18 ಸೆಂಟಿಮೀಟರಿನ ದೊಡ್ಡದು. ಕಣ್ಣಿಗೆ ಇವುಗಳ ವ್ಯತ್ಯಾಸ ಸ್ವಲ್ಪವೇ ಅನ್ನಿಸುತ್ತದೆ. ಲೆಕ್ಕ ಹಾಕಿ ನೋಡಿ. ಚಿಕ್ಕದರ ಒಂದು ಪುಟ ಸುಮಾರು 295 ಚದರ ಸೆಂಟಿಮೀಟರ್. ದೊಡ್ಡದರ ಪುಟ 432. ಅಂದರೆ ಚಿಕ್ಕ ಪುಸ್ತಕದ 200 ಪುಟಕ್ಕಿಂತ ದೊಡ್ಡ ಪುಸ್ತಕದ 172 ಪುಟದಲ್ಲಿ ಬರೆಯುವ ಜಾಗ ಕಾಲು ಭಾಗ ಜಾಸ್ತಿ. ಬೆಲೆ ಹೋಲಿಸುವಾಗ ಉದ್ದ, ಅಗಲ, ಪುಟ ಮೂರನ್ನೂ ಗುಣಿಸಿಕೊಂಡರೆ ನಿಜವಾಗಿ ಅಗ್ಗ ಯಾವುದು ಎಂದು ಗೊತ್ತಾಗುತ್ತದೆ.

ಎ4 ಅಳತೆ ಮಾತ್ರ ಬೇರೆ ಯೋಚನೆಯಿಂದ ಬಂದದ್ದು. 21×29.7 ಸೆಂಟಿಮೀಟರಿನ ಈ ಹಾಳೆಯನ್ನು ಅಡ್ಡಕ್ಕೆ ಅರ್ಧ ಮಾಡಿದರೆ ಬರುವ ಎ5 ಹಾಳೆಗೂ ಉದ್ದ–ಅಗಲದ ಅನುಪಾತ ಅದೇ ಇರುತ್ತದೆ. 1922ರಲ್ಲಿ ಜರ್ಮನಿಯಲ್ಲಿ ಇದನ್ನು ಮಾನಕ ಮಾಡಿದರು. ಜೆರಾಕ್ಸ್ ಮಾಡುವಾಗ ದೊಡ್ಡದನ್ನು ಚಿಕ್ಕದು ಮಾಡಿದರೂ ಅಂಚಿನಲ್ಲಿ ಏನೂ ಕತ್ತರಿಸಿ ಹೋಗದಿರುವುದು ಈ ಅನುಪಾತದಿಂದಲೇ. ನೋಟ್ಸನ್ನು ಮುಂದೆ ಜೆರಾಕ್ಸ್ ಅಥವಾ ಸ್ಕ್ಯಾನ್ ಮಾಡಿಸುವ ಯೋಚನೆ ಇರುವ ಕಾಲೇಜು ಮಕ್ಕಳಿಗೆ ಎ4 ಅನುಕೂಲ.

## ಜಿಎಸ್‌ಎಂ ಎಂದರೆ ಏನು?

ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಕಾಗದ ಎಷ್ಟು ಗ್ರಾಂ ತೂಗುತ್ತದೆಯೋ ಅದೇ ಆ ಕಾಗದದ ಜಿಎಸ್‌ಎಂ. ಶಾಲೆಯ ನೋಟ್‌ಬುಕ್‌ಗಳಲ್ಲಿ ಸಾಮಾನ್ಯವಾಗಿ 54ರಿಂದ 60ರ ಆಸುಪಾಸಿನ ಕಾಗದ ಇರುತ್ತದೆ. ಜೆರಾಕ್ಸ್ ಕಾಗದ 70ರಿಂದ 80. ಎ4 ಹಾಳೆ ಒಂದು ಚದರ ಮೀಟರಿನ 16ನೇ ಒಂದು ಭಾಗ. ಹಾಗಾಗಿ 80 ಜಿಎಸ್‌ಎಂನ ಒಂದು ಎ4 ಹಾಳೆ ಸರಿಯಾಗಿ 5 ಗ್ರಾಂ ತೂಗುತ್ತದೆ.

ಜಿಎಸ್‌ಎಂ ಜಾಸ್ತಿ ಇದ್ದರೆ ಕಾಗದ ಒಳ್ಳೆಯದು ಎಂಬ ನಂಬಿಕೆ ಇದೆ. ಅದು ಅರ್ಧ ಸತ್ಯ. ಜಿಎಸ್‌ಎಂ ಹೇಳುವುದು ತೂಕವನ್ನು ಮಾತ್ರ. ನುಣುಪು, ಗಟ್ಟಿತನ, ಶಾಯಿ ತಡೆಯುವ ಗುಣ ಅದರಲ್ಲಿ ಬರುವುದಿಲ್ಲ. ಚೆನ್ನಾಗಿ ಮಾಡಿದ 58ರ ಕಾಗದದ ಮೇಲೆ ಪೆನ್ನು ಓಡುವಷ್ಟು ಸಲೀಸಾಗಿ ಕಳಪೆ 70ರ ಮೇಲೆ ಓಡದೆ ಇರಬಹುದು.

ಮಕ್ಕಳ ವಿಷಯಕ್ಕೆ ಬಂದರೆ ತೂಕಕ್ಕೆ ಇನ್ನೊಂದು ಮುಖ ಇದೆ. 24×18 ಅಳತೆಯ 172 ಪುಟದ ಪುಸ್ತಕ ತೆಗೆದುಕೊಳ್ಳೋಣ. 86 ಹಾಳೆ ಹರಡಿದರೆ ಸುಮಾರು 3.7 ಚದರ ಮೀಟರ್. 58 ಜಿಎಸ್‌ಎಂ ಆದರೆ ಒಳಗಿನ ಕಾಗದವೇ ಹತ್ತಿರಹತ್ತಿರ 215 ಗ್ರಾಂ. 70 ಆದರೆ 260 ಗ್ರಾಂ. ಆರು ಪುಸ್ತಕ ಹೊತ್ತರೆ ವ್ಯತ್ಯಾಸ ಕಾಲು ಕಿಲೋ ದಾಟುತ್ತದೆ. ನಮ್ಮ ರಾಜ್ಯದ ಶಿಕ್ಷಣ ಇಲಾಖೆ 2019ರಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ 1 ಮತ್ತು 2ನೇ ತರಗತಿಯ ಬ್ಯಾಗು 2 ಕಿಲೋ ದಾಟಬಾರದು. 3ರಿಂದ 5ನೇ ತರಗತಿಗೆ 3 ಕಿಲೋ, 6ರಿಂದ 8ಕ್ಕೆ 4 ಕಿಲೋ, 9 ಮತ್ತು 10ಕ್ಕೆ 5 ಕಿಲೋ ಮಿತಿ. ಚಿಕ್ಕ ಮಕ್ಕಳು ಬರೆಯುವುದು ಪೆನ್ಸಿಲ್‌ನಲ್ಲಿ. ಪೆನ್ಸಿಲ್ ಆಚೆ ಬದಿಗೆ ಇಳಿಯುವುದಿಲ್ಲ. ಅವರಿಗೆ ದಪ್ಪ ಕಾಗದದ 172 ಪುಟದ ಪುಸ್ತಕ ಕೊಡಿಸುವುದಕ್ಕಿಂತ 92 ಪುಟದ್ದು ಕೊಡಿಸಿ, ಮುಗಿದಾಗ ಇನ್ನೊಂದು ಕೊಡುವುದೇ ಸರಿ ಎಂದು ನನ್ನ ಅಭಿಪ್ರಾಯ. ಅರ್ಧ ವರ್ಷ ಖಾಲಿ ಪುಟಗಳನ್ನು ಹೊತ್ತು ತಿರುಗುವ ಕಷ್ಟ ಆ ಪುಟ್ಟ ಬೆನ್ನಿಗೆ ಯಾಕೆ?

## ಶಾಯಿ ಯಾಕೆ ಹರಡುತ್ತದೆ?

ಕಾಗದ ಎಂದರೆ ಮರದ ನಾರಿನ ಜಾಲ. ನೀಲಗಿರಿ, ಸುಬಾಬುಲ್, ಗಾಳಿಮರ, ಬಿದಿರು ಇವನ್ನು ಚೂರು ಮಾಡಿ, ರಾಸಾಯನಿಕದಲ್ಲಿ ಬೇಯಿಸಿ ನಾರು ಬಿಡಿಸುತ್ತಾರೆ. ಕಬ್ಬಿನ ಸಿಪ್ಪೆ, ಹಳೆಯ ಕಾಗದದಿಂದಲೂ ತಿರುಳು ಮಾಡುತ್ತಾರೆ. ಈ ತಿರುಳನ್ನು ನೀರಿನಲ್ಲಿ ಕಲಸಿ, ಓಡುವ ಜಾಲರಿಯ ಮೇಲೆ ತೆಳ್ಳಗೆ ಹರಡಿ, ಹಿಂಡಿ, ಬಿಸಿ ಉರುಳೆಗಳ ಮೇಲೆ ಒಣಗಿಸಿದರೆ ಕಾಗದ. ಉತ್ತರ ಕನ್ನಡದ ದಾಂಡೇಲಿಯಲ್ಲಿ ಈ ಕೆಲಸ ದಶಕಗಳಿಂದ ನಡೆಯುತ್ತಿದೆ. ಭದ್ರಾವತಿಯಲ್ಲಿ 1936ರಲ್ಲಿ ಶುರುವಾದ ಮೈಸೂರು ಕಾಗದ ಕಾರ್ಖಾನೆ ನಿಂತುಹೋಗಿದೆ.

ನಾರಿಗೆ ನೀರು ಹೀರುವ ಗುಣ ಸಹಜ. ಏನೂ ಸೇರಿಸದ ಕಾಗದ ಶಾಯಿಯನ್ನು ಬ್ಲಾಟಿಂಗ್ ಪೇಪರಿನಂತೆ ಎಳೆದುಕೊಳ್ಳುತ್ತದೆ. ಇದನ್ನು ತಡೆಯಲು ತಿರುಳಿಗೆ ಅಂಟಿನಂಥ ಪದಾರ್ಥ ಬೆರೆಸುತ್ತಾರೆ. ಮೇಲ್ಮೈಗೆ ಪಿಷ್ಟ ಹಚ್ಚುತ್ತಾರೆ. ಇದಕ್ಕೆ ಸೈಜಿಂಗ್ ಎಂದು ಹೆಸರು. ಹತ್ತಿ ಪಂಚೆಗೆ ಗಂಜಿ ಹಾಕಿದರೆ ಹೇಗೆ ಅದು ಗರಿಗರಿಯಾಗಿ ನೀರನ್ನು ತಕ್ಷಣ ಹೀರುವುದಿಲ್ಲವೋ, ಇದೂ ಹಾಗೆಯೇ. ಸೈಜಿಂಗ್ ಕಮ್ಮಿಯಾದರೆ ಎರಡು ತೊಂದರೆ. ಒಂದು, ಅಕ್ಷರದ ಅಂಚಿನಲ್ಲಿ ಶಾಯಿ ಬೇರಿನಂತೆ ಕವಲೊಡೆಯುತ್ತದೆ. ಇನ್ನೊಂದು, ಹಾಳೆಯ ಆಚೆ ಬದಿಗೆ ಚುಕ್ಕೆ ಚುಕ್ಕೆಯಾಗಿ ಇಳಿಯುತ್ತದೆ.

ಶಾಯಿ ಇಳಿಯದೆ, ಬರೆದದ್ದು ಸುಮ್ನೆ ಆಚೆಯಿಂದ ನೆರಳಿನಂತೆ ಕಾಣುವುದು ಬೇರೆ ಸಮಸ್ಯೆ. ಅದು ಕಾಗದದ ಪಾರದರ್ಶಕತೆಗೆ ಸಂಬಂಧಿಸಿದ್ದು. ಸುಣ್ಣದ ಪುಡಿಯಂಥ ಕ್ಯಾಲ್ಸಿಯಂ ಕಾರ್ಬೊನೇಟನ್ನು ತಿರುಳಿಗೆ ಸೇರಿಸಿ ಇದನ್ನು ಕಮ್ಮಿ ಮಾಡುತ್ತಾರೆ.

ಪೆನ್ನಿನ ಪಾಲೂ ಇದೆ. ಬಾಲ್‌ಪೆನ್ನಿನ ಶಾಯಿ ಎಣ್ಣೆಯಂತೆ ಮಂದ. ಅದು ಯಾವ ಕಾಗದದ ಮೇಲೂ ಹರಡುವುದು ಅಪರೂಪ. ಒತ್ತಿ ಬರೆದರೆ ಗುರುತು ಮಾತ್ರ ಹಿಂದೆ ಮೂಡುತ್ತದೆ. ಜೆಲ್ ಪೆನ್ನು, ಇಂಕ್ ಪೆನ್ನುಗಳ ಶಾಯಿ ನೀರಿನದು. ಅವಕ್ಕೆ ಒಳ್ಳೆ ಸೈಜಿಂಗ್ ಇರುವ ಕಾಗದ ಬೇಕು. ಅಂಗಡಿಯಲ್ಲೇ ಮಾಡಬಹುದಾದ ಸುಲಭ ಪರೀಕ್ಷೆ ಇಷ್ಟೇ: ಒಂದು ಪುಸ್ತಕ ಕೊಂಡು, ಕೊನೆಯ ಪುಟದಲ್ಲಿ ನಿಮ್ಮದೇ ಪೆನ್ನಿನಿಂದ ಎರಡು ಸಾಲು ಬರೆದು, ಒಂದೇ ಜಾಗದಲ್ಲಿ ನಿಬ್ಬನ್ನು ಒಂದು ಕ್ಷಣ ಇಟ್ಟು ನೋಡಿ. ಆಚೆ ಬದಿ ಸ್ವಚ್ಛವಾಗಿದ್ದರೆ ಉಳಿದ ಒಂದು ಡಜನ್ ಕೊಳ್ಳಿ.

ಕೆಲವು ರಟ್ಟುಗಳ ಮೇಲೆ 'ಎಲಿಮೆಂಟಲ್ ಕ್ಲೋರಿನ್ ಫ್ರೀ' ಎಂದು ಇರುತ್ತದೆ. ತಿರುಳನ್ನು ಬೆಳ್ಳಗೆ ಮಾಡಲು ಹಿಂದೆ ನೇರ ಕ್ಲೋರಿನ್ ಅನಿಲ ಬಳಸುತ್ತಿದ್ದರು. ಅದರಿಂದ ಕಾರ್ಖಾನೆಯ ಕೊಳೆನೀರಿನಲ್ಲಿ ಡಯಾಕ್ಸಿನ್‌ನಂಥ ವಿಷಗಳು ಸೇರುತ್ತಿದ್ದವು. ಈಗ ಅದರ ಬದಲು ಕ್ಲೋರಿನ್ ಡೈಆಕ್ಸೈಡ್ ಬಳಸಿದರೆ ಆ ವಿಷ ತುಂಬ ಕಮ್ಮಿಯಾಗುತ್ತದೆ. ಬರವಣಿಗೆಗೆ ಇದರಿಂದ ವ್ಯತ್ಯಾಸ ಏನೂ ಇಲ್ಲ. ನದಿಗೆ ಇದೆ.

## ಗೆರೆಗಳ ಲೆಕ್ಕ, ಕನ್ನಡಕ್ಕೆ ಬೇಕಾದ ಜಾಗ

ನಾಲ್ಕು ಗೆರೆಯ ಪುಸ್ತಕ ಇಂಗ್ಲಿಷ್ ಅಕ್ಷರಗಳಿಗಾಗಿ ಮಾಡಿದ್ದು. ಆ ಲಿಪಿಯ ಸಣ್ಣಕ್ಷರಗಳಲ್ಲಿ ಕೆಲವು ಮೇಲಕ್ಕೆ ಚಾಚುತ್ತವೆ, ಐದು ಕೆಳಕ್ಕೆ ಇಳಿಯುತ್ತವೆ, ಉಳಿದವು ನಡುವೆ ಕೂರುತ್ತವೆ. ಅದಕ್ಕೇ ನಡುವೆ ಎರಡು ನೀಲಿ ಗೆರೆ, ಮೇಲೆ ಕೆಳಗೆ ಒಂದೊಂದು ಕೆಂಪು ಗೆರೆ. ಮಗುವಿನ ಕೈಗೆ ಎಲ್ಲಿ ನಿಲ್ಲಬೇಕು ಎಂದು ಗೆರೆಯೇ ಹೇಳುತ್ತದೆ.

ಕನ್ನಡದ ಕಥೆ ಬೇರೆ. ನಮ್ಮ ಅಕ್ಷರದ ಒಡಲು ದುಂಡಗೆ, ಅಗಲಕ್ಕೆ ಹರಡುತ್ತದೆ. ಎರಡು ಗೆರೆಯ ನಡುವೆ ಆ ಒಡಲು ಕೂರುತ್ತದೆ. ಮೇಲೆ ಗುಡಿಸು ಏರುತ್ತದೆ, ತಲೆಕಟ್ಟು ನಿಲ್ಲುತ್ತದೆ. ಕೆಳಗೆ ಒತ್ತಕ್ಷರ ಇಳಿಯುತ್ತದೆ. 'ಅಮ್ಮ' ಎಂದು ಬರೆಯುವಾಗ ಎರಡನೇ ಮಕಾರ ಗೆರೆಯ ಕೆಳಗೆ ಹೋಗುತ್ತದೆ. 'ರಾಷ್ಟ್ರ' ಎಂದರೆ ಒಂದೇ ಅಕ್ಷರದ ಬುಡದಲ್ಲಿ ಎರಡು ಒತ್ತು. ಇಂಗ್ಲಿಷಿನಲ್ಲಿ ಕೆಳಗಿಳಿಯುವ ಅಕ್ಷರ ಅಲ್ಲೊಂದು ಇಲ್ಲೊಂದು. ಕನ್ನಡದಲ್ಲಿ ಹೆಚ್ಚುಕಡಿಮೆ ಪ್ರತಿ ಸಾಲಿನಲ್ಲೂ ಒತ್ತು ಇರುತ್ತದೆ. ಸಾಲುಗಳು ತೀರ ಹತ್ತಿರ ಇದ್ದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಆಗ ಮಗು ಒತ್ತನ್ನು ಪುಟ್ಟದಾಗಿ ಗೀಚಿಬಿಡುತ್ತದೆ, ಇಲ್ಲವೇ ಅಕ್ಷರವನ್ನೇ ಕುಗ್ಗಿಸುತ್ತದೆ. ಬರವಣಿಗೆ ಕೆಟ್ಟದಾಗಿದೆ ಎಂದು ಬೈಯುವ ಮುಂಚೆ ಗೆರೆಯ ಅಂತರ ನೋಡುವುದು ನ್ಯಾಯ.

ಅಂತರ ಅಳೆಯಲು ಒಂದು ಉಪಾಯ. ಸ್ಕೇಲನ್ನು ನೆಟ್ಟಗೆ ಇಟ್ಟು ಮೊದಲ ಗೆರೆಯಿಂದ 11ನೇ ಗೆರೆಯವರೆಗೆ ಅಳೆದು 10ರಿಂದ ಭಾಗಿಸಿ. ಒಂದು ಗೆರೆಯ ಪುಸ್ತಕದಲ್ಲಿ ಅದು ಸಾಮಾನ್ಯವಾಗಿ 7ರಿಂದ 9 ಮಿಲಿಮೀಟರ್ ಇರುತ್ತದೆ. 7ಕ್ಕೂ 9ಕ್ಕೂ ವ್ಯತ್ಯಾಸ ಏನು ಮಹಾ ಅನ್ನಿಸಬಹುದು. ಆದರೆ ಕನ್ನಡ ಮಾಧ್ಯಮದ ಮಗುವಿಗೆ ಆ ಎರಡು ಮಿಲಿಮೀಟರೇ ಒತ್ತಿಗೆ ಸಿಗುವ ಜಾಗ. ದೊಡ್ಡವರು ವೇಗವಾಗಿ ಕನ್ನಡದಲ್ಲಿ ಬರೆಯುವಾಗಲೂ ಅಗಲ ಗೆರೆ ಆರಾಮ.

ಚೌಕದ ಪುಸ್ತಕ ಲೆಕ್ಕಕ್ಕೆ. ಒಂದು ಮನೆಗೆ ಒಂದು ಅಂಕಿ. ಬಿಡಿ, ಹತ್ತು, ನೂರು ಒಂದರ ಕೆಳಗೆ ಒಂದು ನೆಟ್ಟಗೆ ನಿಲ್ಲುತ್ತವೆ. ಕೂಡುವ, ಕಳೆಯುವ ಲೆಕ್ಕದಲ್ಲಿ ಮಕ್ಕಳು ತಪ್ಪುವುದು ಎಷ್ಟೋ ಸಲ ಅಂಕಿ ಅಡ್ಡಾದಿಡ್ಡಿ ಜಾರಿದ್ದರಿಂದ. ವಿಜ್ಞಾನದ ಪುಸ್ತಕದಲ್ಲಿ ಒಂದು ಬದಿ ಗೆರೆ, ಒಂದು ಬದಿ ಖಾಲಿ ಇರುವುದು ಚಿತ್ರ ಬರೆಯಲು. ಎಡಗಡೆಯ ಕೆಂಪು ಮಾರ್ಜಿನ್ ಗೆರೆ ಪ್ರಶ್ನೆಯ ಸಂಖ್ಯೆಗೆ, ತಾರೀಕಿಗೆ, ಮೇಷ್ಟ್ರ ಗುರುತಿಗೆ ಬಿಟ್ಟ ಜಾಗ.

## ಪಿನ್, ಹೊಲಿಗೆ, ಗೋಂದು, ಸ್ಪೈರಲ್

ಪಿನ್ ಹೊಡೆದ ಪುಸ್ತಕ ಅಗ್ಗ, ಚಪ್ಪಟೆಯಾಗಿ ತೆರೆದುಕೊಳ್ಳುತ್ತದೆ. ಆದರೆ ಮೊದಲ ಹಾಳೆ ಹರಿದರೆ ಕೊನೆಯ ಹಾಳೆಯೂ ಸಡಿಲವಾಗುತ್ತದೆ, ಎರಡೂ ಒಂದೇ ಮಡಿಕೆಯ ಜೋಡಿಯಾದ್ದರಿಂದ. ದಪ್ಪ ಪುಸ್ತಕಕ್ಕೆ ಪಿನ್ ಹಿಡಿಯುವುದಿಲ್ಲ. ಅಲ್ಲಿ ಹಾಳೆಗಳನ್ನು ಚಿಕ್ಕಚಿಕ್ಕ ಕಟ್ಟುಗಳಾಗಿ ಮಡಚಿ, ದಾರದಿಂದ ಹೊಲಿದು, ಬೆನ್ನಿಗೆ ಬಟ್ಟೆ ಅಂಟಿಸುತ್ತಾರೆ. ಲಾಂಗ್ ಬುಕ್, ರಿಜಿಸ್ಟರುಗಳು ಹೀಗೆ. ಹೆಚ್ಚು ವರ್ಷ ಬಾಳುವುದು ಇದೇ. ಬರೀ ಗೋಂದು ಹಾಕಿದ ಪುಸ್ತಕವನ್ನು ಪೂರ್ತಿ ಬಿಚ್ಚಿ ಒತ್ತಿದರೆ ಹಾಳೆ ಕಳಚಿ ಬರುತ್ತವೆ. ಸ್ಪೈರಲ್ ಪುಸ್ತಕ ಹಿಂದಕ್ಕೆ ಪೂರ್ತಿ ಮಡಚಲು ಬರುತ್ತದೆ. ನಿಂತುಕೊಂಡು ಬರೆಯುವವರಿಗೆ, ಎಡಗೈಯವರಿಗೆ ಬೇಕಾದಂತೆ ತಿರುಗಿಸಿಕೊಳ್ಳಲು ಅದು ಒಳ್ಳೆಯದು. ಆದರೆ ಹಾಳೆ ಹರಿದು ತೆಗೆದರೆ ಗುರುತೇ ಉಳಿಯುವುದಿಲ್ಲ.

ಈ ಕೊನೆಯ ಮಾತು ಸಣ್ಣದಲ್ಲ. ಕಚೇರಿಯ ರಿಜಿಸ್ಟರಿಗೆ ಪುಟಸಂಖ್ಯೆ ಹಾಕಿ, ಮೊದಲ ಪುಟದಲ್ಲಿ ಒಟ್ಟು ಇಷ್ಟು ಪುಟ ಇದೆ ಎಂದು ಬರೆದು ಸಹಿ ಮಾಡುವ ಪದ್ಧತಿ ಬಂದದ್ದು ಒಂದು ಹಾಳೆಯೂ ಕಾಣೆಯಾಗಬಾರದು ಎಂದೇ. ನ್ಯಾಯಾಲಯದಲ್ಲೂ ಕಟ್ಟಿಗೆ ಬೆಲೆ ಇದೆ. ರಾಜಕಾರಣಿಗಳಿಗೆ ಅಕ್ರಮವಾಗಿ ಹಣ ಕೊಟ್ಟ ಆರೋಪದ ಜೈನ್ ಹವಾಲಾ ಪ್ರಕರಣದಲ್ಲಿ 1998ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇದೇ ಪ್ರಶ್ನೆ ಬಂದಿತ್ತು. ಲೆಕ್ಕದ ಪುಸ್ತಕ ಎಂದರೆ ಯಾವುದು? ಹಾಳೆಗಳನ್ನು ಒಟ್ಟಿಗೆ ಕಟ್ಟಿದ್ದರೆ ಅದು ಪುಸ್ತಕ, ಬಿಡಿ ಹಾಳೆಗಳು ಪುಸ್ತಕ ಅಲ್ಲ, ಅವನ್ನು ಸುಲಭವಾಗಿ ತೆಗೆದು ಬದಲಿಸಬಹುದು ಎಂದು ಕೋರ್ಟು ಹೇಳಿತು. ಸ್ಪೈರಲ್ ನೋಟ್‌ಬುಕ್‌ಗಳನ್ನು ಪುಸ್ತಕ ಎಂದೇ ಒಪ್ಪಿತು. ಹಾಗಂತ ಪುಸ್ತಕದಲ್ಲಿ ಬರೆದದ್ದೇ ಪೂರ್ತಿ ಸಾಕ್ಷಿ ಆಗುವುದಿಲ್ಲ. ವ್ಯಾಪಾರದ ಲೆಕ್ಕವನ್ನು ಕ್ರಮವಾಗಿ ಬರೆದಿಟ್ಟ ಪುಸ್ತಕವನ್ನು ಸಾಕ್ಷ್ಯವಾಗಿ ನೋಡಬಹುದು, ಆದರೆ ಅದೊಂದರಿಂದಲೇ ಯಾರ ಮೇಲೂ ಹೊಣೆ ಹೊರಿಸಲು ಬರುವುದಿಲ್ಲ ಎಂಬುದು ನಿಯಮ. ಸಾಲ ಕೊಟ್ಟು ನೋಟ್‌ಬುಕ್‌ನಲ್ಲಿ ಬರೆದುಕೊಂಡವರು ಜೊತೆಗೆ ಸಹಿ, ರಸೀದಿ ಇಟ್ಟುಕೊಳ್ಳಬೇಕಾದದ್ದು ಇದಕ್ಕೇ.

## ಬರೆದದ್ದು ಮತ್ತೆ ಸಿಗಬೇಕಾದರೆ

ನೋಟ್‌ಬುಕ್‌ನ ದೊಡ್ಡ ಮಿತಿ ಒಂದಿದೆ. ಅದರಲ್ಲಿ ಬರೆಯುವುದು ದಿನದ ಕ್ರಮದಲ್ಲಿ, ಹುಡುಕುವುದು ವಿಷಯದ ಕ್ರಮದಲ್ಲಿ. ಮಾರ್ಚ್‌ನಲ್ಲಿ ಬರೆದ ಉಪ್ಪಿನಕಾಯಿಯ ಅಳತೆ ನವೆಂಬರ್‌ನಲ್ಲಿ ಬೇಕಾದಾಗ ಯಾವ ಪುಟ ತೆರೆಯುವುದು? ಪುಸ್ತಕ ಬಳಸುವ ಒಳ್ಳೊಳ್ಳೆ ಪದ್ಧತಿಗಳೆಲ್ಲ ಈ ಒಂದು ಪ್ರಶ್ನೆಗೆ ಕೊಟ್ಟ ಉತ್ತರಗಳು.

ವ್ಯಾಪಾರಿಗಳು ಇದಕ್ಕೆ ಬಹಳ ಹಿಂದೆಯೇ ದಾರಿ ಕಂಡುಕೊಂಡರು. ಕಾಗದ ಎಲ್ಲರ ಕೈಗೆ ಬರುವ ಮುಂಚೆ ನಮ್ಮ ನಾಡಿನಲ್ಲಿ ಲೆಕ್ಕ ಬರೆಯುತ್ತಿದ್ದದ್ದು ಕಡತಗಳಲ್ಲಿ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಗೆ ಗಟ್ಟಿ ಮಾಡಿ, ಹಿಂದೆ ಮುಂದೆ ಮಡಚಿ, ಬಳಪದಿಂದ ಬರೆಯುತ್ತಿದ್ದರು. ಬೇಡವಾದದ್ದನ್ನು ಅಳಿಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದ ಕಡತಗಳು ಇವತ್ತಿಗೂ ಇತಿಹಾಸ ಬರೆಯುವವರಿಗೆ ಆಧಾರ. ಮುಂದೆ ಕಾಗದ ಬಂದಾಗ ವ್ಯಾಪಾರಿಗಳು ಎರಡು ಪುಸ್ತಕ ಇಟ್ಟರು. ದಿನವಹಿಯಲ್ಲಿ ಆ ದಿನ ನಡೆದದ್ದೆಲ್ಲ ನಡೆದ ಕ್ರಮದಲ್ಲಿ. ಖಾತೆಯಲ್ಲಿ ಒಬ್ಬೊಬ್ಬ ಗಿರಾಕಿಗೆ ಒಂದೊಂದು ಪುಟ. ಒಂದೇ ವ್ಯವಹಾರ ಎರಡು ಕಡೆ. ತಾರೀಕು ಗೊತ್ತಿದ್ದರೆ ದಿನವಹಿ ನೋಡು, ಹೆಸರು ಗೊತ್ತಿದ್ದರೆ ಖಾತೆ ನೋಡು.

ಕಿರಾಣಿ ಅಂಗಡಿಯ ಉದ್ರಿ ಪುಸ್ತಕದಲ್ಲಿ ಇನ್ನೊಂದು ಜಾಣತನ ಇದೆ. ಒಂದು ಪುಸ್ತಕ ಅಂಗಡಿಯಲ್ಲಿ, ಒಂದು ಚಿಕ್ಕ ಪುಸ್ತಕ ಗಿರಾಕಿಯ ಮನೆಯಲ್ಲಿ. ಸಾಮಾನು ಕೊಡುವಾಗ ಎರಡರಲ್ಲೂ ಬರೆಯುತ್ತಾರೆ. ತಿಂಗಳ ಕೊನೆಗೆ ಎರಡೂ ತಾಳೆಯಾಗಬೇಕು. ಹಾಲಿನವರ ಲೆಕ್ಕವೂ ಹಾಗೆಯೇ.

ಮದುವೆಮನೆಯ ಮುಯ್ಯಿ ಪುಸ್ತಕ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದ ಬಳಕೆ. ಒಬ್ಬರು ಲಾಂಗ್ ಬುಕ್ ಹಿಡಿದು ಕೂರುತ್ತಾರೆ. ಊರು, ಹೆಸರು, ಮೊತ್ತ. ಬಂದವರು ಕೊಟ್ಟದ್ದನ್ನು ಬರೆದುಕೊಳ್ಳುತ್ತಾರೆ. ಮುಂದೆ ಅವರ ಮನೆಯಲ್ಲಿ ಮದುವೆ ಬಂದಾಗ ಈ ಪುಸ್ತಕ ತೆಗೆದು ನೋಡುತ್ತಾರೆ. ಅದಕ್ಕೆ ಮಾಡಿದ ಪುಸ್ತಕ 20, 30 ವರ್ಷ ಉಳಿಯಬೇಕು. ಅಗ್ಗದ ಪಿನ್ ಪುಸ್ತಕ, ಜೆಲ್ ಪೆನ್ನು ಇಲ್ಲಿ ಬೇಡ. ಹೊಲಿದ ಪುಸ್ತಕ, ಬಾಲ್‌ಪೆನ್ನು, ಸಾಧ್ಯವಾದರೆ ಒಂದೊಂದು ಊರಿಗೆ ಬೇರೆ ಪುಟ. ಊರಿನ ಹೆಸರಿನಿಂದ ಹುಡುಕುವುದು ಸುಲಭ.

ಪ್ರಯೋಗಾಲಯದ ಪುಸ್ತಕಕ್ಕೆ ಕಟ್ಟುನಿಟ್ಟು ಜಾಸ್ತಿ. ಪುಟಕ್ಕೆ ಸಂಖ್ಯೆ, ಪ್ರತಿ ನಮೂದಿಗೆ ತಾರೀಕು, ಪೆನ್ನಿನಲ್ಲೇ ಬರವಣಿಗೆ. ತಪ್ಪಿದರೆ ಅಳಿಸುವಂತಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು ಬರೆಯಬೇಕು. ತಪ್ಪು ಎಂದುಕೊಂಡ ಅಳತೆಯೇ ಮುಂದೆ ಸರಿ ಎಂದು ತೋರಬಹುದು. ಆಗ ಅದು ಓದಲು ಸಿಗಬೇಕು.

ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಪುಸ್ತಕಗಳು ಇದಕ್ಕೆ ಪೂರ್ತಿ ವಿರುದ್ಧ. ಕಾಗದ ದುಬಾರಿಯಾಗಿದ್ದರಿಂದ ಅವರು ಲೆಕ್ಕವನ್ನು ಸ್ಲೇಟಿನ ಮೇಲೆ ಮಾಡಿ, ಉತ್ತರವನ್ನು ಮಾತ್ರ ನೋಟ್‌ಬುಕ್‌ಗೆ ಇಳಿಸುತ್ತಿದ್ದರು. ದಾರಿ ಅಳಿಸಿಹೋಯಿತು, ಫಲಿತಾಂಶ ಉಳಿಯಿತು. ಆ ಸೂತ್ರಗಳು ಹೇಗೆ ಬಂದವು ಎಂದು ತೋರಿಸಲು ಬೇರೆ ಗಣಿತಜ್ಞರು ದಶಕಗಳ ಕಾಲ ದುಡಿಯಬೇಕಾಯಿತು. ಲೆಕ್ಕದ ವಿದ್ಯಾರ್ಥಿಗಳಿಗೆ ರಫ್ ಪುಸ್ತಕ ಎಸೆಯಬೇಡಿ ಎಂದು ನಾನು ಹೇಳುವುದು ಈ ಕಾರಣಕ್ಕೆ. ಎಲ್ಲಿ ತಪ್ಪಿದೆವು ಎಂದು ಗೊತ್ತಾಗುವುದು ಅಲ್ಲಿಯೇ.

ನಮ್ಮ ನಿಮ್ಮ ದಿನಬಳಕೆಗೆ ಬೇಕಾದದ್ದು ಮೂರೇ ಕೆಲಸ. ಪುಟಕ್ಕೆ ಸಂಖ್ಯೆ ಹಾಕಿ. ಮೊದಲ ಎರಡು ಹಾಳೆ ಖಾಲಿ ಬಿಡಿ. ಏನಾದರೂ ಮುಖ್ಯವಾದದ್ದು ಬರೆದಾಗ ವಿಷಯ ಮತ್ತು ಪುಟಸಂಖ್ಯೆಯನ್ನು ಆ ಖಾಲಿ ಹಾಳೆಯಲ್ಲಿ ಸೇರಿಸಿ. 2013ರಲ್ಲಿ ರೈಡರ್ ಕ್ಯಾರಲ್ ಎಂಬ ವಿನ್ಯಾಸಕಾರರು ಜನರ ಮುಂದಿಟ್ಟ ಬುಲೆಟ್ ಜರ್ನಲ್ ಪದ್ಧತಿಯ ತಿರುಳೂ ಹೆಚ್ಚುಕಡಿಮೆ ಇದೇ. ಬಣ್ಣದ ಪೆನ್ನು, ಸ್ಟಿಕ್ಕರ್ ಎಲ್ಲ ಆಮೇಲೆ ಸೇರಿದ್ದು.

## ಪಾಠ ಕೇಳುತ್ತ ಬರೆಯುವುದು

2014ರಲ್ಲಿ ಅಮೆರಿಕದ ಇಬ್ಬರು ಮನಃಶಾಸ್ತ್ರಜ್ಞರು, ಪಾಮ್ ಮುಲ್ಲರ್ ಮತ್ತು ಡ್ಯಾನಿಯಲ್ ಒಪೆನ್‌ಹೈಮರ್, ಒಂದು ಅಧ್ಯಯನ ಪ್ರಕಟಿಸಿದರು. ಲ್ಯಾಪ್‌ಟಾಪಿನಲ್ಲಿ ನೋಟ್ಸ್ ಮಾಡಿದವರು ಕೇಳಿದ್ದನ್ನು ಪದಕ್ಕೆ ಪದ ಟೈಪ್ ಮಾಡುತ್ತಿದ್ದರು. ಕೈಯಲ್ಲಿ ಬರೆದವರಿಗೆ ಅಷ್ಟು ವೇಗ ಇರಲಿಲ್ಲ. ಅವರು ಕೇಳಿದ್ದನ್ನು ಆರಿಸಿ, ಸಂಕ್ಷೇಪಿಸಿ ಬರೆದರು. ಅರ್ಥ ಕೇಳುವ ಪ್ರಶ್ನೆಗಳಲ್ಲಿ ಕೈಬರಹದವರು ಮುಂದೆ ಇದ್ದರು. 2019ರಲ್ಲಿ ಬೇರೆ ಸಂಶೋಧಕರು ಇದನ್ನೇ ಮತ್ತೆ ಮಾಡಿ ನೋಡಿದಾಗ ವ್ಯತ್ಯಾಸ ಅಷ್ಟು ಸ್ಪಷ್ಟವಾಗಿ ಕಾಣಲಿಲ್ಲ. ಆದ್ದರಿಂದ ಕೈಯಲ್ಲಿ ಬರೆದರೆ ಅಂಕ ಬಂದೇ ಬರುತ್ತದೆ ಎಂದು ಯಾರಾದರೂ ಹೇಳಿದರೆ ಪೂರ್ತಿ ನಂಬಬೇಡಿ. ಆರಿಸಿ ಬರೆಯುವ ಅಭ್ಯಾಸ ಮಾತ್ರ ಕಾಗದದ ಮೇಲೆ ತಾನಾಗಿ ಬರುತ್ತದೆ. ಟೈಪ್ ಮಾಡುವವರು ಅದನ್ನು ಬೇಕೆಂದೇ ಮಾಡಬೇಕು.

ಪಾಠದ ನೋಟ್ಸಿಗೆ ಪ್ರಸಿದ್ಧವಾದ ಒಂದು ವಿಧಾನ ಕಾರ್ನೆಲ್ ಪದ್ಧತಿ. ಕಾರ್ನೆಲ್ ವಿಶ್ವವಿದ್ಯಾಲಯದ ವಾಲ್ಟರ್ ಪಾಕ್ ರೂಪಿಸಿದ್ದು. ಪುಟದ ಎಡಕ್ಕೆ ಸಣ್ಣ ಪಟ್ಟಿ, ಬಲಕ್ಕೆ ದೊಡ್ಡ ಜಾಗ, ಕೆಳಗೆ ನಾಲ್ಕೈದು ಸಾಲು. ತರಗತಿಯಲ್ಲಿ ಬಲಕ್ಕೆ ಬರೆಯುತ್ತೀರಿ. ಮನೆಗೆ ಬಂದು ಎಡಕ್ಕೆ ಪ್ರಶ್ನೆಗಳನ್ನು ಬರೆಯುತ್ತೀರಿ. ಕೆಳಗೆ ನಿಮ್ಮ ಮಾತಿನಲ್ಲಿ ಸಾರಾಂಶ. ಓದುವಾಗ ಬಲಭಾಗವನ್ನು ಕೈಯಿಂದ ಮುಚ್ಚಿ, ಎಡಗಡೆಯ ಪ್ರಶ್ನೆಗೆ ಉತ್ತರ ಹೇಳಿ ನೋಡುತ್ತೀರಿ. ಇದಕ್ಕೆ ವಿಶೇಷ ಪುಸ್ತಕ ಬೇಕಿಲ್ಲ. ನಮ್ಮ ಲಾಂಗ್ ಬುಕ್‌ನ ಮಾರ್ಜಿನ್ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದರೆ ಸಾಕು.

## ಮಳೆಗಾಲ, ಹುಳ ಮತ್ತು ಉಳಿದ ಹಾಳೆ

ಮಲೆನಾಡು, ಕರಾವಳಿಯಲ್ಲಿ ಮಳೆಗಾಲಕ್ಕೆ ನೋಟ್‌ಬುಕ್‌ಗಳು ಅಲೆಅಲೆಯಾಗಿ ಉಬ್ಬುತ್ತವೆ. ಕಾಗದದ ನಾರು ಗಾಳಿಯ ತೇವ ಹೀರಿ ದಪ್ಪವಾಗುವುದೇ ಕಾರಣ. ನಾರು ಉದ್ದಕ್ಕೆ ಹಿಗ್ಗುವುದು ಕಮ್ಮಿ, ಅಡ್ಡಕ್ಕೆ ಜಾಸ್ತಿ. ಯಂತ್ರದಲ್ಲಿ ಕಾಗದ ಓಡಿದ ದಿಕ್ಕಿಗೇ ಹೆಚ್ಚಿನ ನಾರು ಮಲಗಿರುತ್ತದೆ. ಆದ್ದರಿಂದ ಹಾಳೆ ಒಂದೇ ದಿಕ್ಕಿಗೆ ಸುರುಳಿಯಾಗುತ್ತದೆ. ದಿನಪತ್ರಿಕೆ ಒಂದು ಕಡೆಯಿಂದ ಹರಿದರೆ ನೆಟ್ಟಗೆ, ಇನ್ನೊಂದು ಕಡೆಯಿಂದ ಹರಿದರೆ ಸೊಟ್ಟಗೆ ಹರಿಯುವುದೂ ಇದರಿಂದಲೇ. ಪುಸ್ತಕಗಳನ್ನು ಹೊರಗೋಡೆಗೆ ತಾಗಿಸದೆ, ಗಾಳಿ ಆಡುವ ಕಪಾಟಿನಲ್ಲಿಡಿ. ಪಿಷ್ಟ, ಗೋಂದು ಹುಳಗಳಿಗೆ ಇಷ್ಟದ ಆಹಾರ. ಆಗಾಗ ತೆಗೆದು, ದೂಳು ಕೊಡವಿ, ನೆರಳಲ್ಲಿ ಗಾಳಿಗೆ ಇಟ್ಟರೆ ಅವು ನೆಲೆ ನಿಲ್ಲುವುದಿಲ್ಲ.

ಹಳದಿಯಾಗುವುದಕ್ಕೆ ಕಾರಣ ಲಿಗ್ನಿನ್ ಎಂಬ ಮರದ ಅಂಶ. ಬೆಳಕು, ಗಾಳಿ ತಾಗಿದರೆ ಅದು ಬಣ್ಣ ಬದಲಿಸುತ್ತದೆ. ದಿನಪತ್ರಿಕೆಯಲ್ಲಿ ಅದು ಹೆಚ್ಚು, ಬರೆಯುವ ಕಾಗದದಲ್ಲಿ ಬಹುಪಾಲು ತೆಗೆದಿರುತ್ತಾರೆ. ಪಿನ್ ತುಕ್ಕು ಹಿಡಿದು ಹಾಳೆ ತಿನ್ನುವುದು ಇನ್ನೊಂದು ಸಮಸ್ಯೆ. ಬಹುಕಾಲ ಇಡಬೇಕಾದ ಪುಸ್ತಕದ ಪಿನ್ ಬಿಚ್ಚಿ ಅದೇ ತೂತುಗಳಲ್ಲಿ ಹತ್ತಿ ದಾರ ಪೋಣಿಸಿ ಗಂಟು ಹಾಕಬಹುದು. ನೀರು ಬಿದ್ದರೂ ಅಳಿಯಬಾರದು ಎಂದರೆ ಪೆನ್ಸಿಲ್ ಬಹಳ ಗಟ್ಟಿ. ಗ್ರಾಫೈಟ್ ನೀರಿನಲ್ಲಿ ಕರಗುವುದಿಲ್ಲ, ಬಿಸಿಲಿಗೆ ಮಾಸುವುದಿಲ್ಲ.

ವರ್ಷದ ಕೊನೆಗೆ ಉಳಿದ ಖಾಲಿ ಹಾಳೆಗಳನ್ನು ಕಿತ್ತು ಬೈಂಡ್ ಮಾಡಿಸುವ ರೂಢಿ ನಮ್ಮ ಎಷ್ಟೋ ಮನೆಗಳಲ್ಲಿದೆ. ಮಾಡುವಾಗ ಒಂದು ಎಚ್ಚರ. ಹಾಳೆಯನ್ನು ಒಂಟಿಯಾಗಿ ಹರಿಯಬೇಡಿ. ಪಿನ್ ಎತ್ತಿ ಜೋಡಿಯಾಗಿ, ಮಡಿಕೆ ಸಮೇತ ಬಿಡಿಸಿ. ಮಡಿಕೆ ಇದ್ದರೆ ಮನೆಯಲ್ಲೇ ಸೂಜಿ ದಾರದಿಂದ ಹೊಲಿಯಬಹುದು. ಒಂಟಿ ಹಾಳೆಗಳಿಗೆ ಗೋಂದು ಅಥವಾ ಸ್ಪೈರಲ್ಲೇ ಗತಿ. ಒಂದೇ ಅಳತೆಯವನ್ನು ಒಟ್ಟಿಗೆ ಸೇರಿಸಿ, ಒಂದು ಕಟ್ಟಿಗೆ ಎಂಟು–ಹತ್ತು ಮಡಿಕೆಗಿಂತ ಹೆಚ್ಚು ಇಡಬೇಡಿ. ಹಳೆಯ ರಟ್ಟನ್ನೇ ಮೇಲೆ ಹಾಕಿದರೆ ರಫ್ ಪುಸ್ತಕ ತಯಾರು. ಬರೆದು ಮುಗಿದವನ್ನು ಗುಜರಿಗೆ ಹಾಕುವ ಮುಂಚೆ ಪ್ಲಾಸ್ಟಿಕ್ ಹೊದಿಕೆ, ಸ್ಪೈರಲ್ ಸುರುಳಿ ತೆಗೆದಿಡಿ. ಕಾಗದ ಬೇರೆಯಾಗಿ ಹೋದರೆ ಮತ್ತೆ ತಿರುಳಾಗುವುದು ಸುಲಭ.